ಬೂದು ಪರದೆಯ ಮೇಲೆ ಆರು ಸಾಲು

ಹೊಳೆನರಸೀಪುರದ ಪೇಟೆಬೀದಿಯ ಪಾತ್ರೆ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ ಒಂದು ಹಳೆಯ ಇ-ರೀಡರ್ ಇಟ್ಟು ಅಂಗಡಿಯ ಒಡತಿ ಅದನ್ನು ನನ್ನತ್ತ ತಳ್ಳಿದರು.

“ಇದನ್ನ ಕಪ್ಪಗೆ ಮಾಡ್ಕೊಡಪ್ಪಾ. ದೊಡ್ಡದು ಮಾಡ್ಬೇಡ. ಕಪ್ಪಗೆ.”

ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಪೇಟೆಬೀದಿಯೆಲ್ಲ ಹಾಗೇ ಕರೆಯುವುದು. ವ್ಯಾಪಾರದ ಮನೆತನ, ಹಣೆಗೆ ವಿಭೂತಿ, ತಪ್ಪಲೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ ತಳ ಎಷ್ಟು ದಪ್ಪ ಎಂದು ಹೇಳುವ ಕಿವಿ. ಆದರೆ ನಮ್ಮ ಕಡೆ ಅವರ ಹೆಸರು ಓಡಾಡುವುದು ಪಾತ್ರೆಯಿಂದಲ್ಲ, ಗಮಕದಿಂದ. ಶ್ರಾವಣ ಬಂದರೆ ಚನ್ನರಾಯಪಟ್ಟಣದ ಒಂದು ಸಭಾಭವನದಲ್ಲಿ ಷಟ್ಪದಿ ಕಾವ್ಯವನ್ನು ರಾಗದಲ್ಲಿ ಓದುವವರು ಅವರು. ಪಕ್ಕದಲ್ಲಿ ಕೂತು ಅರ್ಥ ಬಿಡಿಸಿ ಹೇಳುವವರು ಅರಕಲಗೂಡು ಕಡೆಯ ಒಬ್ಬ ಗೌಡರು. ಹೊಗೆಸೊಪ್ಪು, ಆಲೂಗೆಡ್ಡೆ ಬೆಳೆಯುವ ಮನುಷ್ಯ. ಇಬ್ಬರೂ ಆ ಜೋಡಿಕುರ್ಚಿಯಲ್ಲಿ ಕೂತು ಬಹಳ ವರ್ಷಗಳಾಗಿದ್ದವು.

ನಾನು ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟವನು. ಈಚೆಗೆ ಇ-ಪುಸ್ತಕಗಳನ್ನೂ ಮಾಡಿಕೊಡುತ್ತೇನೆ. ಆ ಕಾವ್ಯದ ಹಳೆಯ ಮುದ್ರಣವೊಂದನ್ನು ಹಿಡಿದು ಪೂರ್ತಿ ಟೈಪಿಸಿ ಅಕ್ಕನ ಇ-ರೀಡರಿಗೆ ಹಾಕಿಕೊಟ್ಟಿದ್ದವನು ನಾನೇ. ಆಗ ಅವರಿಗೆ ಅದು ಕಾಣುತ್ತಿತ್ತು. ಈಗ ಕಾಣುತ್ತಿರಲಿಲ್ಲ. ಪೊರೆಯ ಆಪರೇಷನ್ ಎರಡೂ ಕಣ್ಣಿಗೆ ಆಗಿದ್ದರೂ, ಒಳಗಿನ ಪರದೆ ಸೊರಗಿದೆ, ಕಪ್ಪಿಗೂ ಬಿಳುಪಿಗೂ ಇರುವ ಅಂತರ ಇವರಿಗೆ ಕಡಿಮೆ ಕಾಣುತ್ತದೆ ಎಂದು ಹಾಸನದ ಕಣ್ಣಿನ ಡಾಕ್ಟರು ಹೇಳಿದ್ದರು. ಮೊಬೈಲು, ಟ್ಯಾಬ್‌ಗಳ ಬೆಳಕು ಎದುರು ಬಂದರೆ ಕಣ್ಣಲ್ಲಿ ನೀರು. ಈ ಇ-ರೀಡರಿನ ಬೂದು ಪರದೆಗೆ ಮಾತ್ರ ಕಾಗದದ ಹಾಗೆ ಸ್ವಂತ ಬೆಳಕಿಲ್ಲ.

“ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಹಾಕಿಕೊಟ್ಟರೆ?” ಎಂದೆ.

ಅಕ್ಕ ಬಲಗೈ ಎತ್ತಿ ತೋರಿಸಿದರು. ಸಂಧಿವಾತಕ್ಕೆ ಬೆರಳಿನ ಗಿಣ್ಣುಗಳು ಊದಿ ಸೊಟ್ಟಗಾಗಿದ್ದವು. “ಹಾಳೆ ಬಿಡಿಸೋಕೆ ಆಗಲ್ಲ. ಎರಡೆರಡು ಬರ್ತವೆ. ಹೊಸ ರೀಡರೂ ನೋಡ್ದೆ, ಅದರಲ್ಲಿ ಗುಂಡಿನೇ ಇಲ್ಲ, ಬರೀ ಸವರೋದು. ನಾನು ಸವರಿದ್ರೆ ನಾಲ್ಕು ಪದ್ಯ ಮುಂದಕ್ಕೆ ಹೋಗುತ್ತೆ. ಇದರಲ್ಲಾದ್ರೆ ಗುಂಡಿ ಇದೆ. ಒತ್ತಿದ್ರೆ ಒಂದೇ ಪದ್ಯ.”

ಅಕ್ಷರ ದೊಡ್ಡದು ಮಾಡಬಾರದು ಎಂಬುದಕ್ಕೂ ಕಾರಣವಿತ್ತು. ಈ ಷಟ್ಪದಿಯ ಆರು ಸಾಲುಗಳಲ್ಲಿ ಮೂರನೆಯದೂ ಆರನೆಯದೂ ಉದ್ದ. ಅಕ್ಷರ ಸ್ವಲ್ಪ ಹಿಗ್ಗಿದರೆ ಆ ಸಾಲು ಮುರಿದು ಕೆಳಗಿಳಿಯುತ್ತದೆ. ಓದುವವರ ಕಣ್ಣಿಗೆ ಆರರ ಬದಲು ಎಂಟು ಸಾಲು ಕಾಣುತ್ತದೆ. ಉಸಿರು ಎಲ್ಲಿ ಬಿಡಬೇಕೋ ಅಲ್ಲಿ ಬಿಡಲಾಗುವುದಿಲ್ಲ. ಆ ಹಳೆಯ ಯಂತ್ರಕ್ಕೆ ಅಡ್ಡ ತಿರುಗಿಸಿ ತೋರಿಸುವುದೂ ಬರುತ್ತಿರಲಿಲ್ಲ. ಹಾಗಾಗಿ ಉಳಿದದ್ದು ಒಂದೇ ದಾರಿ. ಅಳತೆ ಅಷ್ಟೇ ಇರಬೇಕು, ಅಕ್ಷರ ದಪ್ಪವಾಗಬೇಕು.

“ಆಗಲಿಲ್ಲ ಅಂದ್ರೆ?”

“ಆಗಲಿಲ್ಲ ಅಂದ್ರೆ ಶಾಲು ಹೊದಿಸ್ತಾರೆ,” ಎಂದರು ಅಕ್ಕ. “ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಮುಂದಿನ ಸಾಲಲ್ಲಿ ಕೂರಿಸಿ ಕಾಫಿ ಕೊಡ್ತಾರೆ. ಕಮಿಟಿಯೋರು ಹೇಳಿ ಕಳಿಸಿದ್ದಾರೆ ಕಣಪ್ಪಾ. ಕಣ್ಣು ಕಾಣದಿದ್ರೆ ಈ ಸಲ ಸನ್ಮಾನ ಇಟ್ಕೊಳ್ಳೋಣ ಅಂತ.”

ಆ ಸಭೆಗೆ ಒಂದು ಕಟ್ಟು ಇದೆ. ಓದುವವರ ಎದುರು ಪಾಠ ತೆರೆದಿರಬೇಕು, ಅದನ್ನು ನೋಡಿಯೇ ಓದಬೇಕು. ಬಾಯಿಗೆ ಬರುತ್ತದೆಂದು ಒಪ್ಪಿಸುವಂತಿಲ್ಲ. ಕಮಿಟಿಗಿಂತ ಅಕ್ಕನೇ ಇದರಲ್ಲಿ ಬಿಗಿ. ನಾನು ಒಮ್ಮೆ ಕೇಳಿದ್ದಕ್ಕೆ, “ಬಾಯಿಪಾಠ ಒಪ್ಪಿಸಿದ್ರೆ ಅದು ನನ್ನ ಕಾವ್ಯ ಆಗ್ಬಿಡುತ್ತೆ. ಬರೆದವನದ್ದು ಬೇಡವಾ?” ಎಂದಿದ್ದರು. ಈ ಮಾತನ್ನು ಅವರು ಅಂದೇ ಹೇಳಿದರೋ ಬೇರೆ ಯಾವತ್ತೋ ಹೇಳಿದರೋ ಖಾತ್ರಿಯಿಲ್ಲ. ನನ್ನ ನೆನಪು ಒಳ್ಳೆಯ ಮಾತುಗಳನ್ನೆಲ್ಲ ಎತ್ತಿ ತಂದು ಮೊದಲ ದಿನಕ್ಕೇ ಪೇರಿಸಿಡುತ್ತದೆ. ಮಾತು ಮಾತ್ರ ಅವರದೇ.

ಕೆಲಸ ಸುಲಭ ಅಂದುಕೊಂಡೆ. ಇ-ಪುಸ್ತಕದ ಫೈಲನ್ನು ಬಿಚ್ಚಿದರೆ ಒಳಗೆ ಅಕ್ಷರಗಳು ಹೇಗೆ ಕಾಣಬೇಕೆಂದು ಹೇಳುವ ಒಂದು ಸಣ್ಣ ಪುಟ ಇರುತ್ತದೆ. ಅಲ್ಲಿ ಎಲ್ಲವನ್ನೂ ಬೋಲ್ಡ್ ಮಾಡು ಎಂದು ಒಂದು ಸಾಲು ಸೇರಿಸಿದೆ. ಯಂತ್ರದಲ್ಲಿ ಕನ್ನಡದ ಬೋಲ್ಡ್ ಅಕ್ಷರ ಇರಲಿಲ್ಲ. ಇಲ್ಲದ್ದನ್ನು ಅದು ತಾನೇ ಹುಟ್ಟಿಸಿತು. ಇದ್ದ ಅಕ್ಷರವನ್ನೇ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಅದರ ಮೇಲೇ ಇನ್ನೊಮ್ಮೆ ಒತ್ತಿತು. ನನ್ನ ಕಣ್ಣಿಗೆ ಅದು ಮಳೆಯಲ್ಲಿ ನೆನೆದ ಪೋಸ್ಟರಿನಂತೆ ಕಂಡಿತು. ಆದರೂ ತೆಗೆದುಕೊಂಡು ಹೋದೆ. ಅಕ್ಕ ಯಂತ್ರವನ್ನು ಎದುರಿಗಿಟ್ಟುಕೊಂಡು ಒಂದು ಪದ್ಯ ಎತ್ತಿಕೊಂಡರು. ಎಲ್ಲೂ ತಡೆಯಲಿಲ್ಲ. ಓದು ಎಷ್ಟು ಚೆನ್ನಾಗಿತ್ತೆಂದರೆ ಗಿರಾಕಿಯೊಬ್ಬರು ಕುಕ್ಕರು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು.

“ಕಾಣುತ್ತಾ ಅಕ್ಕಾ?”

“ಕಾಣುತ್ತೆ. ಇನ್ನೂ ಒಂಚೂರು ಕಪ್ಪಗಿದ್ರೆ ಚಂದ.”

ಎರಡನೆಯ ಸಲ ಫಾಂಟಿಗೇ ಕೈ ಹಾಕಿದೆ. ಯಾರು ಬೇಕಾದರೂ ತಿದ್ದಿ ಬಳಸಬಹುದೆಂದು ಯಾರೋ ಬಿಟ್ಟುಕೊಟ್ಟಿದ್ದ ಒಂದು ಮುಕ್ತ ಫಾಂಟ್ ಅದು. ಅಕ್ಷರ ತಿದ್ದುವ ತಂತ್ರಾಂಶದಲ್ಲಿ ಅದನ್ನು ತೆರೆದು, ಪ್ರತಿ ಗೆರೆಯ ಸುತ್ತಲೂ ಒಂದೇ ಸಮನೆ ದಪ್ಪ ಏರಿಸಿದೆ. ಅಕ್ಷರಗಳ ಹೊಟ್ಟೆಯೊಳಗಿನ ಬಿಳಿ ಕಿರಿದಾಯಿತು. ಕೆಳಗಿನ ಒತ್ತಕ್ಷರಗಳು ಮೊದಲೇ ಚಿಕ್ಕವು, ಅವು ಕಡಲೆಕಾಳಿನ ಹಾಗೆ ಮುದ್ದೆಯಾದವು. ಅದನ್ನೂ ಅಕ್ಕ ಸರಾಗವಾಗಿ ಓದಿದರು. ಮೂರನೆಯ ಸಲ ಒತ್ತಕ್ಷರಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸಿ ಬರೆದು, ಇಡೀ ಫಾಂಟನ್ನು ಪುಸ್ತಕದೊಳಗೆ ಸೇರಿಸಿದೆ. ಅದನ್ನೂ ಓದಿದರು. ನಾನು ಹಾಸನಕ್ಕೆ ವಾಪಸು ಬರುವ ಬಸ್ಸಿನಲ್ಲಿ ಮೊಸಳೆ ಎಂಬ ಊರು ದಾಟುವಷ್ಟರಲ್ಲಿ ಈ ಬಗ್ಗೆ ಒಂದು ಲೇಖನವನ್ನೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆ. ಅದರ ಕೊನೆಯ ಸಾಲು ಬಹಳ ಗೆಲುವಾಗಿತ್ತು.

ಮುಂದಿನ ಸಲ ನಾನು ಹೊಳೆನರಸೀಪುರಕ್ಕೆ ಹೋದ ದಿನ ತಾಲೀಮಿಗೆಂದು ಗೌಡರೂ ಬಂದರು. ಅಂಗಡಿಯ ಹಿಂದಿನ ಕೋಣೆ, ಸುತ್ತ ಹುಲ್ಲು ಸುತ್ತಿದ ಹಿತ್ತಾಳೆ ಕೊಳಗಗಳು, ನಡುವೆ ಚಾಪೆ. ನನ್ನನ್ನು ನೋಡಿ ಗೌಡರು, “ಏನ್ ಕತೆಗಾರ್ರೇ, ನಿಮ್ ಪುಸ್ತಕ ಓದ್ದೆ ಕಣ್ರೀ. ತಲೆ ಎಲ್ಲೈತೆ, ಬುಡ ಎಲ್ಲೈತೆ ಗೊತ್ತಾಗ್ನಿಲ್ಲ. ತಿರುಗ್ಸಿ ಓದುದ್ರೆ ವಾಸಿ ಇತ್ತು,” ಎಂದರು. ನಾನು ಬರೆಯುವ ಕತೆಗಳ ಬಗ್ಗೆ ಬಂದಿರುವ ವಿಮರ್ಶೆಗಳಲ್ಲಿ ಇದು ಸಾಕಷ್ಟು ಒಳ್ಳೆಯದು.

ಅಕ್ಕ ಓದಲು ಕೂತರು. ಒಂದು ಪದ್ಯ ಮುಗಿಯಿತು, ಗೌಡರು ಅರ್ಥ ಹೇಳಿದರು. ಅಕ್ಕ ಗುಂಡಿ ಒತ್ತಿ ಮುಂದಿನದನ್ನು ಎತ್ತಿಕೊಂಡರು. ರಾಗ ಏರಿತು, ಮೂರನೆಯ ಸಾಲಿನ ತುದಿಯಲ್ಲಿ ನಿಂತು ಇಳಿಯಿತು. ಗೌಡರು ಮಾತ್ರ ಅಕ್ಕನ ಮುಖ ನೋಡುತ್ತಿರಲಿಲ್ಲ. ಕತ್ತು ಬಗ್ಗಿಸಿ ಯಂತ್ರವನ್ನೇ ನೋಡುತ್ತಿದ್ದರು. ಪದ್ಯ ಮುಗಿಯುವ ತನಕ ಕಾದರು.

“ಅಕ್ಕೋರೆ, ಒಂದ್ ಮಾತು. ಬೇಜಾರ್ ಮಾಡ್ಕಬ್ಯಾಡಿ. ಈ ಪದ್ಯ ಎಲ್ಲಿ ಓದುದ್ರಿ?”

“ಎಲ್ಲಿ ಅಂದ್ರೆ? ಇಲ್ಲೇ. ಎದುರಿಗೇ ಇದೆಯಲ್ಲ ಗೌಡ್ರೆ.”

“ಇಲ್ಲಿರಾದು ಮೊದ್ಲಿಂದು ಕಣ್ರವ್ವಾ. ಇನ್ನೂ ತಿರುಗೇ ಇಲ್ಲ ಇದು.”

ನಾನು ಎದ್ದು ನೋಡಿದೆ. ನಿಜ. ನಾನು ತುರುಕಿದ ಇಡೀ ಫಾಂಟಿನ ಭಾರಕ್ಕೆ ಯಂತ್ರ ನಿಂತುಹೋಗಿತ್ತು. ಗುಂಡಿ ಒತ್ತಿದ್ದರೂ ಪರದೆಯ ಮೇಲೆ ಹಿಂದಿನ ಪದ್ಯವೇ ಇತ್ತು. ಇಲ್ಲದ ಪದ್ಯವನ್ನು ಅಕ್ಕ ಇದ್ದಂತೆಯೇ ಓದಿದ್ದರು.

“ನಾನು ಕಂಡೆ,” ಎಂದರು ಅಕ್ಕ. ದನಿ ತೀರ ಸಣ್ಣದಾಗಿತ್ತು. “ಅಕ್ಷರ ಕಂಡೆ ಗೌಡ್ರೆ. ಸುಳ್ಳು ಹೇಳ್ತಿಲ್ಲ.”

“ಸುಳ್ಳು ಅಂತ ಯಾರಂದ್ರು?”

ಆಗ ಹೊರಗೆ ಒಂದು ಚೊಂಬು ಉರುಳಿ ಬಿದ್ದ ಸದ್ದು ನನ್ನ ನೆನಪಿನಲ್ಲಿದೆ. ನಿಜವಾಗಿ ಬಿತ್ತೋ, ಆಮೇಲೆ ನಾನೇ ಬೀಳಿಸಿದೆನೋ ತಿಳಿಯದು. ಪಾತ್ರೆ ಅಂಗಡಿಯಲ್ಲಿ ಚೊಂಬು ಉರುಳಿಸುವುದು ತೀರ ಸುಲಭ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಡೆದದ್ದು ಇಷ್ಟು. ಅಕ್ಕ ಸುಳ್ಳು ಹೇಳಿರಲಿಲ್ಲ. ಚಿಕ್ಕಂದಿನಿಂದ ಆ ಕಾವ್ಯವನ್ನು ಓದಿ ಓದಿ ಅವರಿಗೆ ಪದ್ಯದ ರೂಪವೇ ಕಣ್ಣೊಳಗೆ ಕೂತಿತ್ತು. ಎದುರಿಗೆ ಮಸುಕಾಗಿ ಆರು ಗೆರೆ ಇದ್ದರೆ ಸಾಕು, ಅವರ ನೆನಪು ಅದರ ಮೇಲೆ ಅಕ್ಷರಗಳನ್ನು ಬರೆದುಬಿಡುತ್ತಿತ್ತು. ಒಬ್ಬ ಗಮಕಿಗೆ ಅವರದೇ ಕಾವ್ಯ ಕೊಟ್ಟು ಕಾಣುತ್ತಾ ಎಂದು ಕೇಳುವಷ್ಟು ದಡ್ಡತನ ನಮ್ಮ ಸೀಮೆಯಲ್ಲಿ ಮಾತ್ರ ಸಾಧ್ಯ. ನನ್ನ ಮೂರು ಗೆಲುವುಗಳೂ ಅವರ ನೆನಪಿನ ಗೆಲುವುಗಳು.

ಅಕ್ಕ ಯಂತ್ರವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. “ತಗೊಂಡ್ಹೋಗು. ಕಮಿಟಿಯೋರಿಗೆ ನಾನೇ ಫೋನ್ ಮಾಡ್ತೀನಿ.”

“ತಡೀರಿ ಅಂತೀನಿ,” ಎಂದರು ಗೌಡರು. “ಇವರು ಮಾಡಿದ್ ತಪ್ಗೆ ನೀವ್ಯಾಕೆ ಶಾಲು ಒದ್ಕಬೇಕು?” ಆಮೇಲೆ ನನ್ನ ಕಡೆ ತಿರುಗಿದರು. “ನೋಡಿ ಕತೆಗಾರ್ರೇ, ಅಕ್ಕೋರಿಗೆ ಗೊತ್ತಿಲ್ದಿರಾದು ಏನಾರಾ ಕೊಟ್ಟು ಓದ್ಸಿ. ಆಗ ಗೊತ್ತಾಯ್ತದೆ ಕಣ್ಣಿಂದೋ ಬಾಯಿಂದೋ ಅಂತ.”

ಹಾಸನಕ್ಕೆ ಬಂದು ಇಷ್ಟೂ ಕೆಲಸವನ್ನು ಪಕ್ಕಕ್ಕಿಟ್ಟೆ. ಬೇರೆ ಕಾವ್ಯ ಕೊಡಬಹುದಿತ್ತು. ಅದರ ಅಂದಾಜೂ ಅವರಿಗೆ ಸಿಕ್ಕಿಬಿಡುತ್ತದೆ. ಪತ್ರಿಕೆಯ ಸುದ್ದಿ ಕೊಡಬಹುದಿತ್ತು. ಆದರೆ ಗದ್ಯ ಓದುವ ಕಣ್ಣೇ ಬೇರೆ. ಅದೇ ಆರು ಸಾಲು, ಅದೇ ನಡೆ, ಆದರೆ ಜಗತ್ತಿನಲ್ಲಿ ಯಾರೂ ಕೇಳಿರದ ಪದ್ಯಗಳು ಬೇಕಾಗಿದ್ದವು. ಛಂದಸ್ಸನ್ನು ಬಿಟ್ಟು ಬಂದದ್ದೇ ನನ್ನ ಸಾಧನೆ ಎಂದು ತಿಳಿದಿದ್ದವನು ನಾನು. ಕೂತು ಮೂರು ನಾಲ್ಕು, ಮೂರು ನಾಲ್ಕು ಎಂದು ಮೇಜು ತಟ್ಟುತ್ತ ಷಟ್ಪದಿ ಬರೆಯತೊಡಗಿದೆ. ಹಾಸನದ ಬಸ್ ನಿಲ್ದಾಣದ ಮೇಲೆ, ಕೆಟ್ಟುಹೋದ ಪ್ರಿಂಟರಿನ ಮೇಲೆ, ಆಲೂಗೆಡ್ಡೆ ಲಾರಿಯ ಮೇಲೆ. ಒತ್ತಕ್ಷರಗಳನ್ನು ಬೇಕೆಂದೇ ತುಂಬಿದೆ.

ಮೂರನೆಯ ಫಾಂಟಿನಲ್ಲೇ ಇವನ್ನು ಹಾಕಿ ಅಕ್ಕನ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಮೊದಲ ಪದ ಓದಿದರು. ಎರಡನೆಯದಕ್ಕೆ ನಿಂತರು. ಯಂತ್ರವನ್ನು ಹತ್ತಿರ ತಂದರು, ದೂರ ಹಿಡಿದರು.

“ಇಲ್ಲ,” ಎಂದರು. “ಗೆರೆ ಕಾಣುತ್ತೆ, ಅಕ್ಷರ ಕಾಣಲ್ಲ.”

ನನಗೆ ಆ ಮಾತಿನಿಂದ ಆದಷ್ಟು ಸಮಾಧಾನ ಹಿಂದಿನ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ. ಕೊನೆಗೂ ನೆಲಕ್ಕೆ ಕಾಲು ತಾಗಿತ್ತು.

ಅಚ್ಚಿನ ಕೆಲಸಕ್ಕೆ ಬಳಸುವ ಭೂತಗನ್ನಡಿ ತೆಗೆದು ಪರದೆಯ ಮೇಲಿಟ್ಟು ನೋಡಿದೆ. ಆಗ ಕಂಡದ್ದು ಇದು. ಅಕ್ಷರದ ದಪ್ಪ ಭಾಗಗಳು ಕಪ್ಪಗೇ ಇದ್ದವು. ತೆಳು ಭಾಗಗಳು, ಎಂದರೆ ತಲೆಕಟ್ಟಿನ ತುದಿ, ಸುರುಳಿ ತಿರುಗುವ ಜಾಗ, ಒತ್ತಕ್ಷರದ ಬಾಲ, ಇವು ಕಪ್ಪಾಗಿರಲಿಲ್ಲ, ಬೂದು ಬಣ್ಣದಲ್ಲಿದ್ದವು. ಹಳೆಯ ಪರದೆಯ ಚುಕ್ಕೆಗಳು ದೊಡ್ಡವು. ಗೆರೆ ಒಂದು ಚುಕ್ಕೆಗಿಂತ ಸಪೂರವಾದರೆ ಯಂತ್ರ ಆ ಚುಕ್ಕೆಯನ್ನು ಪೂರ್ತಿ ಕಪ್ಪು ಮಾಡುವುದಿಲ್ಲ, ಅರ್ಧ ಬಣ್ಣ ಹಚ್ಚಿ ಬಿಡುತ್ತದೆ. ಪರದೆಯ ಹಿನ್ನೆಲೆಯೇ ಬೂದು, ಅದರ ಮೇಲೆ ಬೂದು ಗೆರೆ. ನಾನು ದಪ್ಪಗಿದ್ದದ್ದನ್ನು ಇನ್ನೂ ದಪ್ಪ ಮಾಡಿದ್ದೆ. ತೆಳು ಗೆರೆ ತುಸು ಏರಿದ್ದರೂ ಒಂದು ಚುಕ್ಕೆ ತುಂಬುವಷ್ಟಾಗಿರಲಿಲ್ಲ, ಕಾಣದೆ ಇದ್ದದ್ದು ಹಾಗೇ ಉಳಿದಿತ್ತು.

ಹಾಗಾಗಿ ಬೋಲ್ಡ್ ಎಂಬ ಆಸೆಯನ್ನೇ ಬಿಟ್ಟೆ. ಮೂಲ ಫಾಂಟಿಗೆ ವಾಪಸು ಹೋಗಿ, ದಪ್ಪ ಗೆರೆಗಳನ್ನು ಮುಟ್ಟದೆ, ತೆಳು ಗೆರೆಗಳನ್ನು ಮಾತ್ರ ಎರಡು ಚುಕ್ಕೆಯ ಅಗಲಕ್ಕೆ ತಂದೆ. ಒತ್ತಕ್ಷರಗಳನ್ನು ತುಸು ಹಿಗ್ಗಿಸಿ, ತುಸು ಕೆಳಗಿಳಿಸಿ, ಮೇಲಿನ ಅಕ್ಷರಕ್ಕೂ ಅದಕ್ಕೂ ನಡುವೆ ಬಿಳಿ ಬಿಟ್ಟೆ. ಕೆಳಗಿಳಿದ ಒತ್ತು ಮುಂದಿನ ಸಾಲಿಗೆ ತಾಗದಂತೆ ಸಾಲುಗಳ ಅಂತರ ಹೆಚ್ಚಿಸಿದೆ. ಈ ಕೆಲಸದಲ್ಲಿ ಆ ಮೂಲ ಫಾಂಟ್ ಬರೆದ ಅಪರಿಚಿತರ ಕೈಯ ಮೇಲೆ ಗೌರವ ಹುಟ್ಟಿತು. ಒಂದೊಂದು ಸುರುಳಿ ಎಲ್ಲಿ ತೆಳುವಾಗಬೇಕು, ಎಲ್ಲಿ ತುಂಬಿಕೊಳ್ಳಬೇಕು ಎಂಬುದನ್ನು ಅವರು ಉಸಿರು ಹಿಡಿದು ತೀರ್ಮಾನಿಸಿದ್ದರು. ನಾನು ಆ ಸೊಗಸನ್ನು ಅರ್ಧ ಕೆಡಿಸಿದೆ. ಕಾಣಲಿ ಎಂದು ಕೆಡಿಸಿದೆ.

ಇನ್ನು ಯಂತ್ರ ನಿಂತುಹೋಗುವ ತೊಂದರೆ. ಪುಸ್ತಕದಲ್ಲಿ ಬಾರದ ಅಕ್ಷರಗಳನ್ನೆಲ್ಲ ಫಾಂಟಿನಿಂದ ಕಿತ್ತುಹಾಕಿದೆ. ಇಂಗ್ಲಿಷು ಪೂರ್ತಿ ಹೋಯಿತು. ಒಂದೇ ಉದ್ದ ಕಡತವಾಗಿದ್ದ ಕಾವ್ಯವನ್ನು ಸಂಧಿಗೊಂದರಂತೆ ಚಿಕ್ಕ ಕಡತಗಳಾಗಿ ಒಡೆದೆ. ಪುಟ ಈಗ ಗುಂಡಿ ಒತ್ತಿದೊಡನೆ ಒಮ್ಮೆ ಕಪ್ಪಾಗಿ ಮಿನುಗಿ ತಿರುಗತೊಡಗಿತು.

ಪ್ರತಿ ತಿದ್ದುಪಡಿಗೂ ಹೊಸ ಪದ್ಯ ಬೇಕು. ಒಮ್ಮೆ ಓದಿದ್ದು ಅಕ್ಕನ ಬಾಯಿಗೆ ಬಂದುಬಿಡುತ್ತಿತ್ತು. ನಾನು ಬರೆಯುತ್ತ ಹೋದೆ, ಅವರು ತಡವರಿಸುತ್ತ ಹೋದರು. ಎಲ್ಲಿ ತಡವರಿಸಿದರೋ ಆ ಅಕ್ಷರವನ್ನು ತಿದ್ದಿ ತರುತ್ತಿದ್ದೆ. ತಡವರಿಕೆಗಳು ಕಡಿಮೆಯಾದವು. ಒಂದು ದಿನ ಅಕ್ಕ ಯಂತ್ರ ಹಿಡಿದು, ಗೌಡರನ್ನೂ ಕರೆದು, ನೇರವಾಗಿ ರಾಗಕ್ಕೇ ಹೋದರು.

“ಭಾರ ಮೂಟೆಯ ಗೆಡ್ಡೆ ಹೊತ್ತಿಹ
ಲಾರಿ ಹತ್ತಿತು ದಿಬ್ಬ ಮೆಲ್ಲಗೆ
ದೂರ ದಾರಿಯ ತಿರುವು ಕಂಡಿತು ಕೆಂಪು ಧೂಳಿನಲಿ...”

ಮೂರನೆಯ ಸಾಲಿನ ತುದಿಯಲ್ಲಿ ದನಿ ನಿಂತಾಗ ನನ್ನ ಲಾರಿ ನಿಜವಾಗಿಯೂ ದಿಬ್ಬ ಹತ್ತಿ ನಿಂತಂತಾಯಿತು. ಪರೀಕ್ಷೆಗೆಂದು ಗೀಚಿದ ಸಾಲಿಗೆ ಅವರು ಅಷ್ಟು ಮರ್ಯಾದೆ ಕೊಟ್ಟಿದ್ದರು. ಅದಕ್ಕಿಂತ ಕಡಿಮೆ ಕೊಟ್ಟು ಓದುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಪದ್ಯ ಮುಗಿಸಿ ಅಕ್ಕ ನಕ್ಕರು. “ಲಾರಿ ಹತ್ತಿತಂತೆ! ಏನಪ್ಪಾ ಇದು? ದೇವರಿಲ್ಲ, ರಾಜನಿಲ್ಲ, ಆಲೂಗೆಡ್ಡೆ!”

“ನಮ್ ಕಡೆ ಅದೇ ದೇವ್ರು ಕಣ್ರವ್ವಾ,” ಎಂದರು ಗೌಡರು. “ಈ ಪದ್ಯಕ್ಕೆ ನಾನು ಒಂದ್ ಗಂಟೆ ಅರ್ಥ ಹೇಳ್ತೀನಿ ಬೇಕಾದ್ರೆ. ಕತೆಗಾರ್ರೇ, ಇಂಗೇ ಬರೀರಿ ಅಂತೀನಿ. ಇದ್ಕೆ ತಲೆ ಬುಡ ಎರಡೂ ಅವೆ.”

ಚನ್ನರಾಯಪಟ್ಟಣದ ಸಭಾಭವನಕ್ಕೆ ನಾನೂ ಹೋದೆ. ಕಮಿಟಿಯವರು ಅಕ್ಕನಿಗೆ ಕುರ್ಚಿ ಬಿಟ್ಟುಕೊಟ್ಟಿದ್ದರು, ಆದರೆ ಒಂದು ಏರ್ಪಾಟನ್ನೂ ಮಾಡಿಕೊಂಡಿದ್ದರು. ವೇದಿಕೆಯ ಪಕ್ಕದಲ್ಲಿ ನಡುವಯಸ್ಸಿನ ಇನ್ನೊಬ್ಬ ಗಮಕಿ ಅಚ್ಚಿನ ಪುಸ್ತಕ ತೊಡೆಯ ಮೇಲಿಟ್ಟು ಕೂತಿದ್ದರು. ಅಕ್ಕ ಎಲ್ಲಾದರೂ ತಡೆದರೆ ಅವರು ಮುಂದುವರಿಸುವುದೆಂದು ಮಾತಾಗಿತ್ತು. ಅಕ್ಕನಿಗೂ ಇದು ಗೊತ್ತಿತ್ತು. ಆ ಗಮಕಿಗೆ ಕೈ ಮುಗಿದು, “ನೀರು ಕುಡಿದು ಗಂಟಲು ಸರಿಮಾಡ್ಕೊಂಡಿರಮ್ಮಾ,” ಎಂದು ಮೇಲೆ ಹೋದರು.

ವ್ಯಾಸಪೀಠದ ಮೇಲೆ ಆ ಹಳೆಯ ಯಂತ್ರ. ಅಕ್ಕ ಓದತೊಡಗಿದರು. ಗುಂಡಿ ಒತ್ತಿದಾಗ ಪರದೆ ಮಿನುಗುವುದು ನನಗೆ ಹಿಂದಿನ ಸಾಲಿನಿಂದಲೂ ಕಾಣುತ್ತಿತ್ತು. ಪದ್ಯ, ಅರ್ಥ, ಪದ್ಯ, ಅರ್ಥ. ಸೇರಿದ ಜನ ತಲೆದೂಗುತ್ತಿದ್ದರು. ನನಗೆ ಮಾತ್ರ ಸಂಕಟ. ಅವರು ಓದುತ್ತಿದ್ದಾರೋ, ನೆನಪೇ ಮತ್ತೆ ಓದುತ್ತಿದೆಯೋ, ಹೊರಗಿನಿಂದ ಹೇಳುವುದು ಹೇಗೆ? ಅವರಿಗೂ ಹೇಳಲಾಗುತ್ತದೆಯೇ?

ಸುಮಾರು ನಡುಭಾಗದಲ್ಲಿ ಅಕ್ಕ ಒಂದು ಪದ್ಯಕ್ಕೆ ಬಾಯಿ ತೆರೆದವರು ನಿಂತರು. ಗುಂಡಿ ಒತ್ತಿ ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು. ಕತ್ತು ಬಗ್ಗಿಸಿ ನೋಡಿದರು. ಸಭೆಯಲ್ಲಿ ಕೆಮ್ಮು ಕೇಳಿಸಿತು.

“ಗೌಡ್ರೆ,” ಎಂದರು. ಮೆಲ್ಲಗೆ ಅಂದದ್ದು ಮೈಕಿಗೆ ಸಿಕ್ಕಿತು. “ಇಲ್ಲೊಂದು ಪದ್ಯ ಇದೆ. ಇವನು ಟೈಪಿಸಿದ ಹಳೇ ಮುದ್ರಣದಲ್ಲಿತ್ತೇನೋ, ನಮ್ಮ ಗುರುಗಳ ಪ್ರತಿಯಲ್ಲಿ ಇದು ಇರ್ಲಿಲ್ಲ. ಈ ಸಂಧಿಯನ್ನ ಈ ಯಂತ್ರದಲ್ಲಿ ಓದ್ತಿರೋದೇ ಮೊದಲ ಸಲ, ನಾನಿದನ್ನ ಯಾವತ್ತೂ ಓದಿಲ್ಲ.”

“ನಾನೂ ಕೇಳಿಲ್ಲ. ಓದಿ, ನೋಡಾನ.”

ಅಕ್ಕ ರಾಗ ಬಿಟ್ಟು ಪದ ಪದವಾಗಿ ಮೊದಲ ಸಾಲು ಓದಿದರು. ಒಂದು ಕಡೆ ತಪ್ಪಿದರು, ತಿದ್ದಿಕೊಂಡರು, ಒತ್ತಕ್ಷರವೊಂದರ ಮುಂದೆ ನಿಂತು ಉಸಿರು ತೆಗೆದುಕೊಂಡು ಅದನ್ನು ದಾಟಿದರು. ಅಷ್ಟು ವರ್ಷಗಳಲ್ಲಿ ಆ ವೇದಿಕೆಯ ಮೇಲೆ ಅವರು ಹಾಗೆ ತೊದಲಿದ್ದನ್ನು ಯಾರೂ ಕಂಡಿರಲಿಲ್ಲ. ಕಮಿಟಿಯ ಕಾರ್ಯದರ್ಶಿ ಪಕ್ಕಕ್ಕೆ ನೋಡಿ ಕಣ್ಸನ್ನೆ ಮಾಡಿದರು. ಆ ಇನ್ನೊಬ್ಬ ಗಮಕಿ ಪುಸ್ತಕ ತೆರೆದು ಎದ್ದುನಿಂತರು.

ಗೌಡರು ಕೂತಲ್ಲಿಂದಲೇ ಕೈ ಅಡ್ಡ ಹಿಡಿದರು.

“ಕೂತ್ಕಳಿ ತಾಯಿ. ಅವ್ರು ಓದ್ತಾವ್ರೆ.”

ಅಕ್ಕ ತಲೆ ಎತ್ತಲಿಲ್ಲ. ಎರಡನೆಯ ಸಾಲಿಗೆ ಹೋದರು.